ಕ್ರೇಟಿನ ಮೇಲಿನ ತಾಳ

ನಿನ್ನೆ ಗಾಂಧಿ ಚೌಕದಲ್ಲಿ ಆಟೊ ಹತ್ತಿದೆ. ಆಟೊದವರು ಜೋರಾಗಿ ರ‍್ಯಾಪ್ ಹಚ್ಚಿದ್ದರು. ನನ್ನ ಬೆರಳು ನನ್ನನ್ನು ಕೇಳದೆಯೇ ಸೀಟಿನ ಅಂಚು ಬಡಿಯತೊಡಗಿತು.

ನನ್ನ ತಮ್ಮ ಸಂಜು ಹೀಗೆಯೇ ಬಡಿಯುತ್ತಿದ್ದ. ಅವನ ಕೊನೆಯ ರವಿವಾರ ತಿಕೋಟಾದ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ನಾನು ಬಿಡಿಸುವ ನೆಪದಲ್ಲಿ ತಿನ್ನುತ್ತಿದ್ದೆ. ದ್ರಾಕ್ಷಿ ಸಾಗಿಸುವ ತನ್ನ ಗಾಡಿಯನ್ನು ತೊಳೆದು ಬಂದ ಸಂಜು, ಖಾಲಿ ಕ್ರೇಟು ಬೋರಲು ಹಾಕಿ, ಬಡಿಯುತ್ತಾ ತಾನೇ ಕಟ್ಟಿದ ರ‍್ಯಾಪ್ ಶುರು ಮಾಡಿದ.

"ಯಪ್ಪಾ, ಇದೇನ ಹಾಡೋ, ಓಣಿ ಜಗಳೋ?" ಅಂದಳು ಅವ್ವ.

"ರ‍್ಯಾಪ್ ಬೇ ಇದು. ತಾಳ ಕೇಳು, ತಾಳ!"

"ರೊಟ್ಟಿ ಬಡಿಯೂದ್ರಾಗೂ ತಾಳ ಐತಿ. ಹಂಗಂತ ನಾ ಏನ್ ಹಾಡಾಕಿ ಆದ್ನೇನು? ರಾಗ ಎಲ್ಲೈತಿ ಇದಕ?"

"ನೀ ಬೈಯೂದು ನನ್ನ ಹಾಡಿಗಿಂತ ಚೊಲೊ ಐತಿ. ರೆಕಾರ್ಡ್ ಮಾಡ್ಲೇನು?"

ಅವ್ವ ಒಂದು ಹಿಡಿ ತೊಟ್ಟು ಅವನ ಮೇಲೆ ಎಸೆದಳು. ಅವನು ನನ್ನ ಕಡೆ ತಿರುಗಿದ. "ಅಕ್ಕಾ, ನೀನರ ಹೇಳು. ಇದು ಹಾಡು ಹೌದೋ, ಅಲ್ಲೋ?"

ಹತ್ತನೆಯ ಇಯತ್ತೆಗೆ ಸಾಲಿ ಮುಗಿಸಿದ ನನ್ನನ್ನು ಇಂಥ ದೊಡ್ಡ ವಿಷಯದಲ್ಲಿ ಯಾರೂ ಕೇಳಿರಲಿಲ್ಲ. ಸ್ವಲ್ಪ ಬೀಗಿದೆ. "ವಿಚಾರ ಮಾಡಿ ಬರೂ ರವಿವಾರ ಹೇಳ್ತೇನಿ," ಅಂದೆ.

"ಜಡ್ಜ್ ಸಾಹೇಬ್ರು ತಾರೀಖು ಕೊಟ್ರು ನೋಡು!" ಎಂದು ನಕ್ಕ.

ಮರುದಿನ ಬಬಲೇಶ್ವರ ರಸ್ತೆಯಲ್ಲಿ ಅವನ ಗಾಡಿಗೆ ಲಾರಿ ಬಡಿಯಿತು. ಬೆಳಿಗ್ಗೆ ಚಹಾ ಕುಡಿದು ಹೋದವನನ್ನು ಸಂಜೆ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದರು. ಪಡಸಾಲೆಯ ಮೂಲೆಯಲ್ಲಿ ಕ್ರೇಟು ಇನ್ನೂ ಬೋರಲೇ ಬಿದ್ದಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲವೆಂದು ನಿಮಗೂ ಗೊತ್ತಿರಬಹುದು. ಹೋದವರು ಉಂಡದ್ದು, ನಕ್ಕಿದ್ದು, ಜಗಳಾಡಿದ್ದು ಎಲ್ಲವನ್ನೂ ಹೇಳಿಕೊಂಡು ಅಳುತ್ತಾರೆ. ಅವ್ವ ಅಂಗೈಯಿಂದ ನೆಲ ಬಡಿಯುತ್ತಾ ಶುರು ಮಾಡಿದಳು:

"ಬಿಸಿ ರೊಟ್ಟಿ ಬೇಡಾಂವ, ಹಸದ ಹ್ವಾದೆಲ್ಲೋ!
ಗಾಡಿ ತೊಳದ ಇಟ್ಟಾಂವ, ನಡದ ಹ್ವಾದೆಲ್ಲೋ!
ತೊಟ್ಟ ಒಗದರ ನಕ್ಕಾಂವ, ಮಾತ ಬಿಟ್ಟೆಲ್ಲೋ!"

ಗಂಟಲು ಒಡೆದು ಹೋಗಿತ್ತು, ರಾಗವೆಂಬುದು ಇರಲೇ ಇಲ್ಲ. ಬರೀ ಮಾತು, ಮಾತಿನ ಕೆಳಗೆ ಅಂಗೈಯ ಪೆಟ್ಟು. ನನ್ನ ಅಳು ಗಕ್ಕನೆ ನಿಂತಿತು. ಅದು ಸಂಜು ಕ್ರೇಟಿನ ಮೇಲೆ ಹಾಕಿದ ತಾಳವೇ ಆಗಿತ್ತು. ಅವನಿಗೆ ಅದು ಅವಳಿಂದ ಬಂದಿತ್ತೋ, ಅವಳಿಗೆ ಅವನಿಂದಲೋ, ತಿಳಿಯಲಿಲ್ಲ.

ಪಕ್ಕದಲ್ಲಿದ್ದ ಜೈನಾಪುರದ ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಯವ್ವಾ, ಹೆಂಗ ಹಾಡ್ಯಾಡಿ ಅಳಾಕತ್ತಾಳ ನೋಡ್ರಿ," ಅಂದಳು. ರಾಗ ಎಲ್ಲೈತಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಅದು ಸಂಜುವಿನ ತಾಳವೆಂದು ಅವ್ವನಿಗೆ ನಾನು ಇನ್ನೂ ಹೇಳಿಲ್ಲ. ಹೇಳಿದರೆ ರೊಟ್ಟಿ ಬಡಿಯುವುದನ್ನೂ ಬಿಟ್ಟಾಳು ಎಂಬ ಹೆದರಿಕೆ.

ಆಟೊದವರು ಕನ್ನಡಿಯಲ್ಲಿ ನನ್ನ ಕಣ್ಣು ನೋಡಿದರೇನೋ. "ಬಂದ್ ಮಾಡ್ಲೇನ್ರೀ ಅಕ್ಕಾರ? ಭಾಳ ಮಂದಿಗೆ ಇದು ಸೇರಂಗಿಲ್ಲ. ಇದೇನ್ ಹಾಡು ಅಂತಾರ."

"ಹಾಡ ಐತ್ರಿ ಇದು," ಅಂದೆ. "ಮುಗೀಲಿ, ಇರ್ಲಿ."

ಉತ್ತರ ಕೊನೆಗೂ ಬಾಯಿಂದ ಬಂತು. ಕೇಳಿದ ಸಂಜು ಇಲ್ಲ.