ಕನ್ನಡವಾಗದ ಪಾಠ

ಮಚ್ಛೇಂದ್ರನಷ್ಟು ಒಳ್ಳೆಯ ಕಂಪ್ಯೂಟರ್ ಆಪರೇಟರ್ ಭಾಲ್ಕಿಯಲ್ಲಿ ಇನ್ನೊಬ್ಬನಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಅವನಷ್ಟು ಅವಸರದ ಕತ್ತೆಯೂ ಇಲ್ಲ. ನಾವಿಬ್ಬರೂ ಇಲ್ಲಿನ ಒಂದೇ ತರಬೇತಿ ಕೇಂದ್ರದಲ್ಲಿ ಕೆಲಸ ಮಾಡುವವರು. ಆಸ್ಪತ್ರೆ ಸಹಾಯಕಿಯರ ಪಾಠಗಳನ್ನು ಮೊಬೈಲಿಗೆ ಹೊಂದಿಸಿ ಕಳಿಸುವುದು ಅವನ ಕೆಲಸ. ನಮ್ಮ ಕಂಪ್ಯೂಟರಿನ ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆಯವರ ಮೊಬೈಲಿನಲ್ಲಿ ಕನ್ನಡವಾಗಿ ಉಳಿಯುವುದಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಟೋಪಿ ಹಾಕಿದ ಗುರುತುಗಳ ರಾಶಿಯಾಗುತ್ತದೆ. ಹಾಗಾಗಿ ಪ್ರತಿ ಪಾಠವನ್ನೂ ಎಲ್ಲ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸಿ, ಅಗ್ಗದ ಮೊಬೈಲೊಂದರಲ್ಲಿ ತೆರೆದು ನೋಡಿಯೇ ಕಳಿಸಬೇಕು.

ಅದು ಎರಡು ಸಾವಿರದ ಹದಿನಾರು, ಬರದ ವರ್ಷ. ಠಾಣಾ ಕುಶನೂರಿನ ಅರ್ಧ ಊರು ಗುಳೆ ಹೋಗಿತ್ತು. ನಮ್ಮ ವಿದ್ಯಾರ್ಥಿನಿ ಕೌಸಲ್ಯಾಬಾಯಿಯೂ ಗಂಡ ಕಾಶೀರಾಮನ ಜೊತೆ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶಕ್ಕೆ ಹೋದಳು. ಅವನು ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ, ಅವಳು ಮೊಬೈಲಿನಲ್ಲೇ ಓದುತ್ತಿದ್ದಳು. ಪರೀಕ್ಷೆ ಪಾಸಾದರೆ ಅವಳಿಗೆ ತನ್ನದೇ ಕೆಲಸ, ತನ್ನದೇ ಕೋಣೆ. ಅವನ ಹೊಡೆತದಿಂದ ಬಿಡುಗಡೆಗೆ ಅದೊಂದೇ ದಾರಿ. ಅವನು ಹೊಡೆಯುವುದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆವು, ನಾಚಿಕೆಗೇಡಿಗಳು.

ಪರೀಕ್ಷೆಗೆ ಹನ್ನೆರಡು ದಿನ ಇದ್ದಾಗ, ಔರಾದಿನ ಬಸ್ಸು ತಪ್ಪುತ್ತದೆಂದು ಮಚ್ಛೇಂದ್ರ ಕೊನೆಯ ಪಾಠವನ್ನು ಬದಲಿಸದೆ ಕಳಿಸಿಬಿಟ್ಟ. ಕಾಶೀರಾಮ ಹೆಂಡತಿಯ ಮೊಬೈಲು ಕಸಿದು ನೋಡಿದ. ಅವನಿಗೆ ಕನ್ನಡ ಓದಲು ಬರುತ್ತಿತ್ತು. ಕೇಂದ್ರದ ಪಾಠ ಎಂದು ಅವಳು ಹೇಳಿದರೂ ನಂಬದೆ, ಇದು ಕನ್ನಡವಲ್ಲ, ಯಾವನೋ ಗುಟ್ಟಿನ ಭಾಷೆಯಲ್ಲಿ ಬರೆದ ಪತ್ರ ಅಂದುಕೊಂಡ. ಯಾರವನು, ಹೇಳು ಎನ್ನುತ್ತಲೇ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಅವಳ ಬಲಗೈಗೆ ಬಾರಿಸಿದ. ಮೂಳೆ ಚರ್ಮ ಹರಿದು ಹೊರಬಂತು. ಬಿದ್ದವಳ ಬೆನ್ನಿಗೆ ಒದ್ದ. ನೆರೆಯ ಮಹಮೂದಾ ಬೇಗಂ ಬಾಗಿಲು ಒಡೆಸಿ ಆಸ್ಪತ್ರೆಗೆ ಸೇರಿಸದಿದ್ದರೆ ಅವಳು ಉಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಶೀರಾಮ ಅದೇ ಕೊಕ್ಕೆ ಹಿಡಿದು ಭಾಲ್ಕಿಯ ನಮ್ಮ ಕೇಂದ್ರಕ್ಕೇ ಬಂದ. ಮೊಬೈಲು ಮುಂದೆ ಹಿಡಿದ.

"ಇದ್ಯಾವ ಭಾಷಿ? ಓದು."

ಮಚ್ಛೇಂದ್ರ ಬಾಯಿ ತೆರೆಯುವ ಮೊದಲೇ ಕೊಕ್ಕೆ ಅವನ ಹುಬ್ಬು ಸೀಳಿತು. ಕೀಬೋರ್ಡಿನ ಮೇಲೆ ರಕ್ತ ಸುರಿಯಿತು. ನಾನು ಕುರ್ಚಿ ಎತ್ತಿ ಕಾಶೀರಾಮನ ಭುಜಕ್ಕೆ ಬೀಸಿದೆ. ಬೀಸಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅಷ್ಟರಲ್ಲಿ ಮಚ್ಛೇಂದ್ರ ಒಂದು ಕಣ್ಣು ಮುಚ್ಚಿಕೊಂಡೇ ಅದೇ ಪಾಠವನ್ನು ಅವನೆದುರು ಯೂನಿಕೋಡಿಗೆ ಬದಲಿಸಿದ. ಪರದೆಯ ಮೇಲೆ ಕನ್ನಡ ಮೂಡಿತು. ಕಾಶೀರಾಮ ಒಂದೊಂದೇ ಅಕ್ಷರ ಕೂಡಿಸಿ ಓದಿದ: ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ನಾನು ಪೊಲೀಸರಿಗೆ ಫೋನು ಮಾಡುವಷ್ಟರಲ್ಲಿ ಅವನು ಬೀದರಿನ ಬಸ್ಸು ಹತ್ತಿದ್ದ. ನಾವೂ ಹಿಂದೆಯೇ ಬೀದರಿನ ಆಸ್ಪತ್ರೆಗೆ ಓಡಿದೆವು. ಕಾಶೀರಾಮ ಹೆಂಡತಿಯ ಮಂಚದ ಪಕ್ಕ ಅಳುತ್ತಿದ್ದ.

"ಗಲತಿ ಆತು. ಅದು ಖರೇನೇ ಪಾಠ ಇತ್ತು. ಮನಿಗಿ ನಡಿ."

ಕೌಸಲ್ಯಾಬಾಯಿ ಅವನತ್ತ ಮುಖ ತಿರುಗಿಸಿದಳು.

"ಅಕ್ಷರ ಕನ್ನಡ ಆದ್ವಂತ ಬಂದಿ. ಆಗದಿದ್ರ?"

ಮಚ್ಛೇಂದ್ರ ತನ್ನದೇ ತಪ್ಪು ಎಂದು ಕೈಮುಗಿಯಲು ಹೋದ. ಅವಳು ತಡೆದು, ಪರೀಕ್ಷೆಯ ಕಂಪ್ಯೂಟರಿನ ಮೌಸನ್ನು ಎಡಗೈಗೆ ಹೊಂದಿಸಲು ಬರುತ್ತದೆಯೇ ಎಂದು ಕೇಳಿದಳು.