ಕೊಪ್ಪರಿಗೆಯ ಅಂಚಿಗೆ ಎರಡು ಪೆಟ್ಟು

ದೆವ್ವ, ಗಾಳಿ, ಸತ್ತವರು ಬಂದರು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಇಂಥ ಕತೆ ಹೇಳಿದವರನ್ನು ಸಾಕಷ್ಟು ಗೋಳು ಹೊಯ್ದುಕೊಂಡಿದ್ದೇನೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನಂಬಿ ಎಂದು ನಿಮಗೆ ಒತ್ತಾಯವಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ತಾತ, ಅಂದರೆ ಅಮ್ಮನ ಅಪ್ಪ, ಬೆಲ್ಲದ ಪಾಕ ಇಳಿಸುವುದರಲ್ಲಿ ಎತ್ತಿದ ಕೈ. ದಂಡಿಗನಹಳ್ಳಿ ಕಡೆ ನಮ್ಮದೇ ಒಂದು ಸಣ್ಣ ಆಲೆಮನೆ ಇತ್ತು. ಆದರೂ ಕಬ್ಬು ಅರೆಯುವ ಕಾಲ ಬಂತೆಂದರೆ ಹೊಳೆನರಸೀಪುರದಿಂದ, ಅರಕಲಗೂಡಿನಿಂದ ಜನ ಸ್ಕೂಟರಿನಲ್ಲಿ ಬಂದು ಅವನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಚನ್ನರಾಯಪಟ್ಟಣದ ಸಂತೆಯಲ್ಲಿ ಅಚ್ಚು ಮುರಿದು ನೋಡಿ, ಇದು ಜವರಣ್ಣನ ಕೈಯದೇ ಎನ್ನುವವರಿದ್ದರು. ತಮಾಷೆಯೆಂದರೆ, ಜನ್ಮವೆಲ್ಲ ಬೆಲ್ಲ ಮಾಡಿದ ಮನುಷ್ಯ ಕಾಫಿಗೆ ಸಕ್ಕರೆಯೇ ಬೇಕೆಂದು ಹಟ ಹಿಡಿಯುತ್ತಿದ್ದ. "ದಿನಾ ಮೂಗ್ನಲ್ಲೇ ಬೆಲ್ಲ ತಿಂತೀನಿ, ಬಾಯ್ಗಾದ್ರೂ ಬ್ಯಾರೆ ಕೊಡ್ರವ್ವ" ಎನ್ನುತ್ತಿದ್ದ. ಅವನೆಂದರೆ ನನಗೆ ಪ್ರಾಣ.

ಪಾಕ ಹದಕ್ಕೆ ಬರುವುದು ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು. ಬೇಗ ಇಳಿಸಿದರೆ ಬೆಲ್ಲ ಅಂಟಂಟಾಗಿ, ಗಟ್ಟಿಯಾಗಿ ಕಟ್ಟುವುದೇ ಇಲ್ಲ, ತಡವಾದರೆ ಸೀದು ಕರಿಯಾಗುತ್ತದೆ. ಗಾಣದ ಎಂಜಿನ್ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಅದಕ್ಕೇ ತಾತ ತನ್ನ ಉದ್ದನೆಯ ಮರದ ಸೌಟಿನಿಂದ ಕೊಪ್ಪರಿಗೆಯ ಅಂಚಿಗೆ ಎರಡು ಸಲ ಬಡಿಯುತ್ತಿದ್ದ. ಆ ಸದ್ದು ಕೇಳಿದ್ದೇ ಆಳುಗಳು ಗಳ ಹಾಕಿ ಕೊಪ್ಪರಿಗೆ ಎತ್ತುತ್ತಿದ್ದರು. ಹಾಗೆ ಬಡಿಯುವ ಹಕ್ಕು ಅವನೊಬ್ಬನದೇ.

ತಾತ ತೀರಿಕೊಂಡ ಮೇಲೆ ಒಲೆ ಆರಿತು. ಸೋದರಮಾವ ಆಲೆಮನೆಯ ಶೆಡ್ಡನ್ನು ತೆಂಗಿನಕಾಯಿ ವ್ಯಾಪಾರಿಯೊಬ್ಬನಿಗೆ ಗೋಡೌನಿಗೆಂದು ಕೊಡಲು ಹೊರಟ. ಅಡ್ಡ ನಿಂತವಳು ನನ್ನ ಚಿಕ್ಕಮ್ಮ ಸಾಕಮ್ಮ. ಲಂಗ ತೊಟ್ಟ ಕಾಲದಿಂದ ತಾತನ ಪಕ್ಕ ಕೂತು ಒಲೆಗೆ ಕಬ್ಬಿನ ಸಿಪ್ಪೆ ತುಂಬಿದವಳು ಅವಳು. ನಮ್ಮ ಕಡೆ ಹೆಂಗಸರು ಆಲೆಮನೆಯಲ್ಲಿ ಎಲ್ಲ ಕೆಲಸ ಮಾಡಬಹುದು, ಪಾಕ ಮಾತ್ರ ಇಳಿಸಬಾರದು.

"ಎಂಗಸ್ರು ಇಳ್ಸಿದ್ರೆ ಬೆಲ್ಲ ಎಂಗವ್ವ ಕಟ್ಟುತ್ತೆ?" ಎಂದ ಮಾವ. "ಒಂದ್ ಕೊಪ್ಪರಿಗೆ ಮಾಡು. ಕೆಟ್ರೆ ಶೆಡ್ಡು ಕೊಟ್ಬುಡ್ತೀನಿ."

"ಆಗ್ಲಿ ಕಣಣ್ಣ. ಕಟ್ಟಿದ್ರೆ?"

"ಕಟ್ಟಿದ್ರೆ ನೀನೇ ನಡೆಸ್ಕೊ."

ಅದು ಎರಡು ವರ್ಷದ ಹಿಂದಿನ ಮಾತು. ಆ ಭಾನುವಾರ ನಾನೂ ಬಸ್ಸು ಹತ್ತಿ ಹೋದೆ. ಊರಿನ ಅರ್ಧ ಜನ, ಚಿಕ್ಕಮ್ಮ ಕೆಡಿಸುವುದನ್ನು ನೋಡಲೆಂದೇ ಬಂದ ಹಾಗಿತ್ತು. ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ಕೈಮುಗಿದು ಅವಳು ಒಲೆ ಹೊತ್ತಿಸಿದಳು. ಕಬ್ಬಿನ ಹಾಲು ಕುದಿಯಿತು. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆದಳು. ತಾತನ ಸೌಟು ಅವಳಿಗೆ ತೀರ ಉದ್ದವಾಗುತ್ತಿತ್ತು. ಅದನ್ನು ಆಚೆ ಕಂಬಕ್ಕೆ ಒರಗಿಸಿಟ್ಟವಳು ನಾನೇ. ಇದನ್ನು ನೆನಪಿಟ್ಟುಕೊಳ್ಳಿ.

ಇಳಿಹೊತ್ತಿಗೆ ಪಾಕ ಚಿನ್ನದ ಬಣ್ಣಕ್ಕೆ ತಿರುಗಿತು. ಚಿಕ್ಕಮ್ಮ ಒಂದು ತೊಟ್ಟು ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತಾ ಕೂತಿದ್ದಳು. ಎರಡು ಕೈಯೂ ನೀರೊಳಗೆ. ನಾನು ಒಂದು ಮಾರು ದೂರದಲ್ಲಿದ್ದೆ. ಆಗ ಕೇಳಿತು, ಕೊಪ್ಪರಿಗೆಯ ಅಂಚಿಗೆ ಮರ ಬಡಿದ ಸದ್ದು. ಒಂದು. ಸ್ವಲ್ಪ ತಡೆದು ಇನ್ನೊಂದು.

ಆಳುಗಳು ಗಳ ಹಾಕಿ ಎತ್ತೇಬಿಟ್ಟರು. ಚಿಕ್ಕಮ್ಮ ಬೆಚ್ಚಿಬಿದ್ದಳು. "ಯಾರ್ಲಾ ಬಡ್ದಿದ್ದು? ನಾನಿನ್ನೂ ಯೋಳೇ ಇಲ್ವಲ್ಲೋ!"

"ನೀನೇ ಬಡ್ದ್ಯಲ್ಲವ್ವ" ಎಂದ ಹಳೇ ಆಳು ನಿಂಗಪ್ಪ. ಅವಳ ಒದ್ದೆ ಕೈ ನೋಡಿ ಅವನ ಮುಖ ಬಿಳಿಚಿಕೊಂಡಿತು.

ಎಲ್ಲ ಮುಗಿಯಿತು ಎಂದುಕೊಂಡೆ. ಚಿಕ್ಕಮ್ಮ ಅಂಗೈ ಬಿಡಿಸಿ ನೋಡಿದಳು. ಉಂಡೆಯನ್ನು ಒತ್ತಿದಳು, ಬಟ್ಟಲಿನ ಅಂಚಿಗೆ ಎಸೆದಳು. ಟಣ್ ಎಂದಿತು, ಹದ ಸರಿಯಾಗಿತ್ತು. ಅವಳು ಎದ್ದು ನಿಂತಳು. "ಸುರೀರ್ಲಾ!" ಎಂದ ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಬೆಲ್ಲ ಕಟ್ಟಿತು. ಎಂಥ ಬೆಲ್ಲ! ಮಾವನೇ ಅಚ್ಚು ಮುರಿದ. ಒಳಗೆಲ್ಲ ಹರಳು ಹರಳು, ಹೊಂಬಣ್ಣ. ಅವನು ಒಂದು ಚೂರು ಬಾಯಿಗಿಟ್ಟುಕೊಂಡು, ಶೆಡ್ಡಿನ ಬೀಗದ ಕೈಯನ್ನು ತಂಗಿಯ ಮಡಿಲಿಗೆ ಹಾಕಿದ. ಕೆಡುವುದನ್ನು ನೋಡಲು ಬಂದವರೆಲ್ಲ ಬಿಸಿಬೆಲ್ಲಕ್ಕೆ ಕೈಯೊಡ್ಡಿ ನಿಂತರು. ನಾನು ಅಳುತ್ತಾ ನಗುತ್ತಿದ್ದೆ. ಕಂಬದ ಕಡೆ ತಿರುಗಿ ನೋಡಿದೆ. ಸೌಟು ಇಟ್ಟಲ್ಲೇ ಇತ್ತು.

ಬಿಸಿಗೆ ಕಬ್ಬಿಣ ಹಿಗ್ಗಿ ಸದ್ದಾಗುತ್ತದೆ ಎಂದು ನೀವು ಹೇಳುತ್ತೀರಿ. ನಾನೂ ಅದನ್ನೇ ಹೇಳಿಕೊಂಡೆ. ಆದರೆ ಕಬ್ಬಿಣ ಹಿಗ್ಗಿದ ಸದ್ದು ಬೇರೆ, ಮರ ಬಡಿದ ಸದ್ದು ಬೇರೆ. ಆಮೇಲೆ ಎಷ್ಟೋ ಕೊಪ್ಪರಿಗೆಗಳ ಪಕ್ಕ ಮೊಬೈಲ್ ರೆಕಾರ್ಡಿಂಗ್ ಹಾಕಿಕೊಂಡು ಕಾದಿದ್ದೇನೆ. ಚಿಕ್ಕಮ್ಮ ಬಡಿದದ್ದು ಬಿಟ್ಟರೆ ಇನ್ನೊಂದು ಸದ್ದು ಬಂದಿಲ್ಲ. ನನ್ನ ವಿದ್ಯೆಯೆಲ್ಲ ಅಲ್ಲಿಗೆ ನಿಂತಿದೆ.

ಮೊನ್ನೆ ಅವಳನ್ನೇ ಕೇಳಿದೆ, ಅವತ್ತು ಬಡಿದದ್ದು ತಾತನೇ ಅಂತೀಯಾ ಎಂದು. ಅವಳು ಕೊಪ್ಪರಿಗೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಇದ್ರೂ ಇರಬೌದು ಕಣ್ ಮಗ. ಅಪ್ಪ ಬಡ್ದಿದ್ರೆ ಅದೊಂದ್ ಕೊಪ್ಪರಿಗೆಗೆ ಬಡ್ದಿರಬೌದು. ಮಿಕ್ಕಿದ್ದೆಲ್ಲ ನಂದೇ!"