ಗೋಲಿನ ಹಿಂದಿನ ಕುರ್ಚಿ

ಪ್ರತಿ ವರ್ಷ ಸೆಪ್ಟೆಂಬರಿನ ಒಂದು ಶುಕ್ರವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ, ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಮನೆಯ ಹಾಲಿನಲ್ಲಿ ನಾನು ಪಂಚಾಂಗ ಓದುತ್ತೇನೆ. ಅದು ಯುಗಾದಿಯ ಪಂಚಾಂಗವಲ್ಲ, ಮಗಳ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದ ಪಂಚಾಂಗ. ಅಕ್ಟೋಬರಿನಲ್ಲಿ ಶುರುವಾಗುವ ಸೀಸನ್ನಿನಲ್ಲಿ ತಂಡ ಎಷ್ಟು ಪಂದ್ಯ ಗೆಲ್ಲುತ್ತದೆ, ಯಾರು ಗೋಲು ಹೊಡೆಯುತ್ತಾರೆ, ಯಾರನ್ನು ಎಷ್ಟು ಗೋಲಿನಿಂದ ಸೋಲಿಸುತ್ತೇವೆ ಎಂಬುದೆಲ್ಲ ಅದರಲ್ಲಿರುತ್ತದೆ. ಬರೆಯುವವನೂ ನಾನೇ, ಓದುವವನೂ ನಾನೇ. ಕಪ್ ಇನ್ನೂ ಬಂದಿಲ್ಲ ಎಂಬುದು ಬೇರೆ ಮಾತು.

ಈ ಪದ್ಧತಿಯನ್ನು ನಾನು ಕದ್ದದ್ದು ಧಾರವಾಡದ ಮಾವನವರಿಂದ. ಯುಗಾದಿಯ ದಿನ ಅವರು ವೀಡಿಯೋ ಕಾಲ್ ಮಾಡಿ, ನಮ್ಮನ್ನೆಲ್ಲ ಸೋಫಾದ ಮೇಲೆ ಸಾಲಾಗಿ ಕೂರಿಸಿ, ಈ ವರ್ಷ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಎಂದು ಓದುತ್ತಾರೆ. ದೋಹಾದಲ್ಲಿ ಏಸಿ ಹಾಕಿಕೊಂಡು ಮಳೆಯ ಲೆಕ್ಕ ಕೇಳುವುದು ನನಗೆ ಯಾವತ್ತೂ ತಮಾಷೆ. ನಾನು ಉಡುಪಿ ಕಡೆಯವನು, ತುಳು ಮನೆಯವನು. ಹೆಂಡತಿ ಧಾರವಾಡದವಳು. ನಮ್ಮಿಬ್ಬರ ನಡುವೆ ರಾಜಿಗೆ ಬಂದ ಭಾಷೆ ಕನ್ನಡ, ಮಗಳಿಗೆ ಸಿಕ್ಕಿದ್ದೂ ಅದೇ, ಅರ್ಧಂಬರ್ಧ. ಅವಳು ರಯ್ಯಾನ್ ಕಡೆಯ ಕಾಲೇಜಿಗೆ ಸೇರಿ, ಮೊದಲ ವರ್ಷವೇ ತಂಡದ ಗೋಲ್‌ಕೀಪರ್ ಆದಾಗ ನನಗೆ ಹೊಳೆಯಿತು: ಗ್ರಹಗಳಿಗೆ ರಾಜ ಮಂತ್ರಿ ಪದವಿ ಹಂಚಬಹುದಾದರೆ, ಹನ್ನೊಂದು ಹುಡುಗಿಯರಿಗೆ ಯಾಕೆ ಹಂಚಬಾರದು?

ಹೀಗೆ ಸುಡಾನಿನ ಹುಡುಗಿ, ನಮ್ಮ ಕ್ಯಾಪ್ಟನ್, ರಾಜನಾದಳು. ನಡುಮೈದಾನದಲ್ಲಿ ಚೆಂಡು ಹಂಚುವ ಲೆಬನಾನಿನ ಹುಡುಗಿ ಮಂತ್ರಿ. ಹೊಡೆದ ಗೋಲುಗಳು ಆದಾಯ, ಬಿಟ್ಟುಕೊಟ್ಟ ಗೋಲುಗಳು ವ್ಯಯ. ಪಂಚಾಂಗದಲ್ಲಿ ಕೋಟೆ ಕಾಯುವವನಿಗೆ ದುರ್ಗಾಧಿಪತಿ ಎಂಬ ಪದವಿ ಇದೆ ಎಂದು ಮಾವನವರು ಹೇಳಿದ ದಿನ ನಾನು ಕುಣಿದಾಡಿಬಿಟ್ಟೆ. ಆ ಪದವಿ ಯಾರಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಪಂಚಾಂಗ ಮೂರು ವರ್ಷ ಸತತವಾಗಿ ಸುಳ್ಳಾಯಿತು. ಮೊದಲ ವರ್ಷ ಆದಾಯ ಇಪ್ಪತ್ತು ಎಂದಿದ್ದೆ, ಆದದ್ದು ನಾಲ್ಕು. ಎರಡನೆಯ ವರ್ಷ ಸೆಮಿಫೈನಲ್ ಎಂದಿದ್ದೆ, ಕೊನೆಯಿಂದ ಎರಡನೆಯವರಾದೆವು. ಕಳೆದ ವರ್ಷ ಎರಡು ಪಂದ್ಯ ಗೆದ್ದದ್ದೇ ಸಾಧನೆ. ನನ್ನ ಖಾಯಂ ಶ್ರೋತೃ ಎಂದರೆ ಮೇಲಿನ ಮಹಡಿಯ ಬಂಟ್ವಾಳದವರು. ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾರೆ. ನಾವಿಬ್ಬರೂ ಪರಸ್ಪರ ‘ಭಾವ’ ಎಂದೇ ಕರೆಯುವುದು. ಗೋಳಿಬಜೆ ತಿನ್ನುತ್ತಾ ಪೂರ್ತಿ ಪಂಚಾಂಗ ಕೇಳಿ, ಕೊನೆಗೆ ಬಾಯಿ ಒರೆಸಿಕೊಂಡು ಅವರು ಹೇಳುವ ಮಾತು ಪ್ರತಿವರ್ಷವೂ ಒಂದೇ.

“ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ ಭಾವ. ಆದರೂ ಬರುವ ವರ್ಷ ಕೂಡ ಬಜೆ ಉಂಟಲ್ಲ?”

ಅವರು ಎಷ್ಟೇ ಗೇಲಿ ಮಾಡಲಿ, ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಮೈದಾನಕ್ಕೆ ಮನೆಯವರಿಗೆ ಮಾತ್ರ ಪ್ರವೇಶ. ಗೇಟಿನಲ್ಲಿ ಭಾವ ತಮ್ಮನ್ನು ಹುಡುಗಿಯ ದೊಡ್ಡಪ್ಪ ಎಂದು ಪರಿಚಯಿಸಿಕೊಂಡು ಎದೆಯುಬ್ಬಿಸಿ ಒಳಗೆ ನಡೆಯುತ್ತಾರೆ.

ಎಲ್ಲರೂ ಮೆಟ್ಟಿಲ ಮೇಲೆ ಕುಳಿತರೆ ನಾನು ಮಡಚುವ ಕುರ್ಚಿ ಹಿಡಿದುಕೊಂಡು ನಮ್ಮ ಗೋಲಿನ ಹಿಂದೆ ಹೋಗಿ ಕೂರುತ್ತೇನೆ. ಬಲೆಯ ಆಚೆಗೆ ಮಗಳ ಬೆನ್ನು, ಈಚೆಗೆ ನಾನು. ಇಬ್ಬರ ಮುಖವೂ ಒಂದೇ ದಿಕ್ಕಿಗೆ ಇರುವುದರಿಂದ ನನ್ನ ಬಲವೇ ಅವಳ ಬಲ, ನನ್ನ ಎಡವೇ ಅವಳ ಎಡ. ಎದುರಾಳಿಗಳು ಮೂಲೆಯಿಂದ ಕಾರ್ನರ್ ಹೊಡೆಯುವಾಗ ಗೋಲಿನ ಮುಂದೆ ಜನ ಮುತ್ತಿಕೊಂಡು ಅವಳಿಗೆ ಏನೂ ಕಾಣಿಸುವುದಿಲ್ಲ. ಆಗ ನಾನು ಕೂಗುತ್ತೇನೆ: “ಬಲ! ಎಡ! ಬಿಡಬೇಡ!” ಕನ್ನಡದಲ್ಲಿ ಕೂಗಿದರೆ ಎದುರಾಳಿಗಳಿಗೆ ತಲೆಬುಡ ತಿಳಿಯುವುದಿಲ್ಲ. ಒಮ್ಮೆ ರೆಫರಿ ಹತ್ತಿರ ಬಂದು, ಈ ಮನುಷ್ಯ ಏನು ಕೂಗುತ್ತಿದ್ದಾನೆ ಎಂದು ಮಗಳನ್ನು ಕೇಳಿದ್ದರು. ಪ್ರಾರ್ಥನೆ ಎಂದಳು ಅವಳು. ಅಂದಿನಿಂದ ಅವರಿಗೆ ನನ್ನ ಮೇಲೆ ಎಲ್ಲಿಲ್ಲದ ಗೌರವ.

ನನ್ನ ಗಂಟಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ದೊಡ್ಡ ಕಟ್ಟಡಗಳ ಏಸಿ ನೋಡಿಕೊಳ್ಳುವ ಕಂಪನಿಯಲ್ಲಿ ನಾನು ಸೂಪರ್‌ವೈಸರ್. ದಿನವಿಡೀ ತಾರಸಿಯ ಮೇಲೆ ಗರ್‌ ಎನ್ನುವ ಯಂತ್ರಗಳ ನಡುವೆ ಹುಡುಗರೊಂದಿಗೆ ಕೂಗಿ ಮಾತಾಡಿ, ಮನೆಯಲ್ಲೂ ಅದೇ ಅಭ್ಯಾಸವಾಗಿಬಿಟ್ಟಿದೆ. “ಮೆಲ್ಲಕ ಮಾತಾಡ್ರಿ, ನಾವೇನ್ ಕಿವುಡರಲ್ಲ,” ಎಂದು ಹೆಂಡತಿ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ.

ಈ ಸಲದ ಪಂಚಾಂಗ ಬರೆಯುವಾಗ ನನ್ನ ಉತ್ಸಾಹಕ್ಕೆ ತಕ್ಕ ಕಾರಣವೂ ಇತ್ತು. ಮಗಳಿಗೆ ಇದು ಕೊನೆಯ ವರ್ಷ. ಕ್ಯಾಪ್ಟನ್ನಿನ ಮೊಣಕಾಲು ವಾಸಿಯಾಗಿತ್ತು. ಲೆಬನಾನಿನ ಹುಡುಗಿ ಬೇಸಿಗೆಯಿಡೀ ಓಡಿ ಗಟ್ಟಿಯಾಗಿದ್ದಳು. ಹೊಸದಾಗಿ ಸೇರಿದವರೂ ನಾಲ್ಕು ಜನ ಇದ್ದರು. ಆಗಸ್ಟ್ ಕೊನೆಗೆ ಅಭ್ಯಾಸ ಶುರುವಾದಾಗ, ಸಂಜೆಯಾದರೂ ಗಾಳಿ ಮುಖಕ್ಕೆ ಬಿಸಿಯಾಗಿ ರಾಚುತ್ತಿತ್ತು. ಆದರೂ ಒಬ್ಬಳೂ ಬೇಗ ಮನೆಗೆ ಹೋಗಲಿಲ್ಲ. ಇಂಥ ತಂಡ ಸೋಲುವುದಿಲ್ಲ ಎಂದು ನನಗೆ ಖಚಿತವಾಯಿತು.

ಆ ನಾಲ್ವರಲ್ಲಿ ಒಬ್ಬಳು ಟುನೀಶಿಯಾದ ಹುಡುಗಿ, ಗೋಲ್‌ಕೀಪರ್. ಹಾಸ್ಟೆಲಿನಲ್ಲಿ ಇರುವವಳು. ಮಗಳನ್ನು ಕರೆದುಕೊಂಡು ಬರಲು ಹೋದಾಗ ಎರಡು ಸಂಜೆ ಅವಳ ಆಟ ನೋಡಿದೆ. ಮಗಳಿಗಿಂತ ಒಂದು ಗೇಣು ಎತ್ತರ. ಮೇಲಿನಿಂದ ಬರುವ ಚೆಂಡನ್ನು ಮರದಿಂದ ಮಾವಿನಹಣ್ಣು ಕಿತ್ತ ಹಾಗೆ ಹಿಡಿಯುತ್ತಿದ್ದಳು. ಕಳೆದ ವರ್ಷ ಮಗಳ ತಲೆಯ ಮೇಲಿಂದ ಹೋದ ಗೋಲುಗಳೆಲ್ಲ ನನಗೆ ನೆನಪಾದವು. ನೋಡಿದ್ದು ನಿಜ, ಅರ್ಥವಾದದ್ದೂ ನಿಜ. ಆದರೆ ಮನೆಗೆ ಬಂದು ಕಾಗದದ ಮೇಲೆ ದುರ್ಗಾಧಿಪತಿ ಎಂದು ಬರೆದು ಅದರ ಮುಂದೆ ಮಗಳ ಹೆಸರನ್ನೇ ಬರೆದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತನ್ನು ಬೇರೆಯವರಿಗೆ ಎಷ್ಟೋ ಸಲ ಹೇಳಿದವನು ನಾನು.

ಶುಕ್ರವಾರ ಬಂತು. ಭಾವ ಬಂದರು, ಬಜೆ ಬಂತು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ರಾಜ, ಮಂತ್ರಿ ಆಯಿತು. ಆದಾಯ ಹದಿನೆಂಟು, ವ್ಯಯ ಐದು ಎಂದಾಗ ಭಾವ ಕೆಮ್ಮಿದರು. “ಇನ್ನು ದುರ್ಗಾಧಿಪತಿ,” ಎಂದು ಹೇಳಿ, ಮಗಳ ಹೆಸರನ್ನು ಎಳೆದು ಎಳೆದು ಓದಿದೆ. ಭಾವ ಚಪ್ಪಾಳೆ ತಟ್ಟಿದರು.

ನೆಲದ ಮೇಲೆ ಕುಳಿತಿದ್ದ ಮಗಳು ತಲೆ ಎತ್ತಿದಳು. “ಅಪ್ಪ, ಅದು ರಾಂಗ್.”

“ಎಂತ ರಾಂಗ್?”

“ಫಸ್ಟ್ ಕೀಪರ್ ಅವಳು. ನಾನು ಸೆಕೆಂಡ್. ಕೋಚ್ ಹೇಳಿ ಒನ್ ವೀಕ್ ಆಯ್ತು.”

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. “ಯಾರು ಆ ಕೋಚು? ಮೂರು ವರ್ಷ ಬಿಸಿಲಲ್ಲಿ ನಿಂತವಳು ನೀನು. ನಿನ್ನೆ ಮೊನ್ನೆ ಬಂದವಳಿಗೆ ಜಾಗ ಕೊಡುವುದಾ? ನಾನು ನಾಳೆಯೇ ಹೋಗಿ ಮಾತಾಡ್ತೇನೆ.”

“ಮಾತಾಡ್ಬೇಡಿ. ಕೋಚ್ ನನ್ನನ್ನೇ ಕೇಳಿದ್ರು. ನಾನೇ ಯೆಸ್ ಅಂದೆ. ಶೀ ಈಸ್ ಬೆಟರ್ ಅಪ್ಪ. ನಿಮಗೂ ಗೊತ್ತು. ನೀವು ನೋಡಿದ್ದೀರಿ.”

ನಾನು ನೋಡಿದ್ದು ಅವಳಿಗೂ ಗೊತ್ತಿತ್ತು. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಕಾಗದವನ್ನು ಮಡಚಿ ಜೇಬಿಗೆ ತುರುಕಿದೆ. “ಖಲಾಸ್. ಹಾಗಾದರೆ ಈ ಸಲ ನಾನು ಬರುವುದಿಲ್ಲ. ನೀನು ಬೆಂಚಿನಲ್ಲಿ ಕೂರುವುದನ್ನು ನೋಡಲು ನನಗೆ ಪುರುಸೊತ್ತಿಲ್ಲ.”

ಮಗಳು ನನ್ನ ಜೇಬಿನ ಕಡೆ ನೋಡಿದಳು. ಆಮೇಲೆ ಹೇಳಿದಳು: “ನೀವು ಟೀಮಿಗೆ ಫ್ಯಾನ್ ಅಂದ್ಕೊಂಡಿದ್ದೆ.” ಅಷ್ಟೇ ಹೇಳಿ ಎದ್ದು ಕೋಣೆಗೆ ಹೋದಳು. ಭಾವ ಕೈಯಲ್ಲಿದ್ದ ಬಜೆಯನ್ನು ತಟ್ಟೆಗೆ ವಾಪಸು ಇಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಭಾವ ಹೋದ ಮೇಲೆ ಹೆಂಡತಿ ತಟ್ಟೆ ತೆಗೆಯುತ್ತಾ ನನ್ನ ಮುಂದೆ ನಿಂತಳು.

“ಅಕಿ ಬೆಂಚಿನ ಮ್ಯಾಲೆ ಕುಂತ್ರ ನಿಮ್ಮ ಮಗಳಲ್ಲೇನು? ವಾರದಿಂದ ಅಕಿ ಇದನ್ನ ನಿಮಗ ಹ್ಯಾಂಗ ಹೇಳಬೇಕಂತ ಒದ್ದಾಡ್ಲಿಕ್ಕತ್ತಾಳ. ಜಾಗಾ ಹೋದದ್ದಕ್ಕ ಅಳಲಿಲ್ಲ ಅಕಿ. ಅಪ್ಪ ಬರೂದಿಲ್ಲೇನೋ ಅಂತ ಅತ್ತಳು.”

ನನಗೆ ನಾಚಿಕೆಯಾಯಿತು, ಬಾಯಿಬಿಟ್ಟು ಹೇಳಲು ಇನ್ನಷ್ಟು ನಾಚಿಕೆಯಾಯಿತು. ಮೂರು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ ಅಭಿಮಾನ ಇಷ್ಟೇ ಏನು ಎಂದು ನನ್ನನ್ನು ನಾನೇ ಕೇಳಿಕೊಂಡೆ. ಮನೆಯಲ್ಲಿ ಆರು ದಿನ ಫುಟ್‌ಬಾಲಿನ ಮಾತೇ ಬರಲಿಲ್ಲ. ಆ ಆರು ದಿನ ನಾನು ಮೆಲ್ಲಗೇ ಮಾತಾಡಿದೆ ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಏಳನೆಯ ದಿನ ಗುರುವಾರ. ಸೀಸನ್ನಿಗೆ ಮೊದಲು ಇನ್ನೊಂದು ಕಾಲೇಜಿನ ಜೊತೆ ಸಂಜೆ ಆರಕ್ಕೆ ಒಂದು ಸೌಹಾರ್ದ ಪಂದ್ಯ ಇತ್ತು. ಮಗಳು ಮಧ್ಯಾಹ್ನವೇ ಕಾಲೇಜಿನ ಬಸ್ಸಿನಲ್ಲಿ ಹೋಗಿದ್ದಳು. ನಾನು ಕೆಲಸದಿಂದ ಬೇಗ ಬಂದು ಬಟ್ಟೆ ಬದಲಾಯಿಸಿ, ಮಡಚಿಟ್ಟಿದ್ದ ಪಂಚಾಂಗವನ್ನು ಜೇಬಿಗೆ ಹಾಕಿಕೊಂಡು, ಬಾಲ್ಕನಿಯಿಂದ ಕುರ್ಚಿ ತಂದು ಡಿಕ್ಕಿಗೆ ಹಾಕಿದೆ. ಹೆಂಡತಿಯೂ ಬಂದು ಕಾರಿನಲ್ಲಿ ಕುಳಿತಳು. ಹಾರ್ನ್ ಹಾಕುವುದಕ್ಕೂ ಮೊದಲೇ ಭಾವ ಕೆಳಗೆ ಬಂದು ನಿಂತಿದ್ದರು.

ಮೈದಾನದಲ್ಲಿ ನಾನು ಗೋಲಿನ ಹಿಂದೆ ಹೋಗಲಿಲ್ಲ. ನಮ್ಮ ತಂಡದ ಬೆಂಚಿನ ಹಿಂದೆ, ಮಗಳ ಬೆನ್ನು ಕಾಣುವ ಹಾಗೆ ಕುರ್ಚಿ ಬಿಡಿಸಿ ಕುಳಿತೆ. ಅವಳು ಎಲ್ಲಿದ್ದರೂ ನಾನು ಬರುತ್ತೇನೆ ಎಂದು ಅವಳಿಗೆ ತಿಳಿಯಲಿ ಎಂಬುದು ನನ್ನ ಲೆಕ್ಕ. ಬಹಳ ದೊಡ್ಡ ಮನಸ್ಸು ಮಾಡಿದ್ದೇನೆ ಎಂದೂ ಒಳಗೊಳಗೇ ಅನಿಸಿತ್ತು. ಮಗಳು ತಿರುಗಿ ನೋಡಿದಳು. ಅವಳ ಮುಖ ಅರಳಿದ್ದನ್ನು ಕಂಡು ಆರು ದಿನದ ಭಾರ ಇಳಿಯಿತು. ಅವಳು ಎದ್ದು ಬಳಿಗೆ ಬಂದಳು.

“ಇಲ್ಲಿ ಯಾಕೆ ಕೂತಿದ್ದೀರಿ?”

“ನೀನು ಇಲ್ಲಿದ್ದೀಯಲ್ಲ, ಅದಕ್ಕೆ.”

“ನಂಗೆ ಅಮ್ಮ ಇದ್ದಾರೆ. ದೊಡ್ಡಪ್ಪ ಇದ್ದಾರೆ,” ಎಂದು ಮೆಟ್ಟಿಲ ಕಡೆ ತೋರಿಸಿದಳು. ಭಾವ ಅಲ್ಲಿಂದಲೇ ಕೈಬೀಸಿದರು. “ಅವಳಿಗೆ ಇಲ್ಲಿ ಯಾರೂ ಇಲ್ಲ ಅಪ್ಪ. ಪೇರೆಂಟ್ಸ್ ಎಲ್ಲ ಟುನೀಶಿಯಾದಲ್ಲಿ. ಅಲ್ಲಿ ಹೋಗಿ. ಗೋಲ್ ಹಿಂದೆ.”

ನಾನು ಆ ಕಡೆ ನೋಡಿದೆ. ಎತ್ತರದ ಆ ಹುಡುಗಿ ಒಬ್ಬಳೇ ಗೋಲಿನ ಕಂಬಗಳನ್ನು ಮುಟ್ಟಿ ನೋಡುತ್ತಿದ್ದಳು. ಅವಳ ಹಿಂದೆ ನಾನು ಮೂರು ವರ್ಷ ಕುಳಿತ ಜಾಗ ಖಾಲಿ ಇತ್ತು.

“ನಾನು ಹೋಗಿ ಎಂತ ಮಾಡುವುದು? ನನ್ನ ಕೂಗು ಅವಳಿಗೆ ಅರ್ಥ ಆಗ್ತದಾ?”

“ಬಲ, ಎಡ, ಬಿಡಬೇಡ. ಎಲ್ಲ ಟೀಚ್ ಮಾಡಿದ್ದೀನಿ. ಮೂರು ವಾರದಿಂದ ಪ್ರಾಕ್ಟೀಸಲ್ಲಿ ಅವಳ ಹಿಂದೆ ನಿಂತು ನಾನೇ ಕೂಗಿದ್ದೀನಿ, ನಿಮ್ಮ ಹಾಗೆ. ಮ್ಯಾಚಿಗೆ ನೀವು ಬರ್ತೀರಿ ಅಂತ ಹೇಳಿದ್ದೀನಿ.” ಕುರ್ಚಿಯ ಬೆನ್ನು ತಟ್ಟಿ, “ಯಲ್ಲಾ ಅಪ್ಪ, ಬೇಗ ಹೋಗಿ, ಸ್ಟಾರ್ಟ್ ಆಗ್ತದೆ,” ಎಂದಳು.

ಮೂರು ವಾರದಿಂದ. ನಾನು ಕೂಗಾಡಿ ಖಲಾಸ್ ಎಂದದ್ದು ಕಳೆದ ಶುಕ್ರವಾರ. ಅದಕ್ಕೆ ಎರಡು ವಾರ ಮೊದಲಿನಿಂದಲೇ, ಕೋಚ್ ಬಾಯಿ ಬಿಡುವುದಕ್ಕೂ ಮೊದಲೇ, ಅವಳು ತನ್ನ ಜಾಗಕ್ಕೆ ಬರುವವಳನ್ನು ತಯಾರು ಮಾಡಿದ್ದಳು. ಜೊತೆಗೆ ನನ್ನ ಜಾಗವನ್ನೂ ಕಾದಿಟ್ಟಿದ್ದಳು. ಕುರ್ಚಿ ಮಡಚಿಕೊಂಡು ಎದ್ದೆ.

ಗೋಲಿನ ಹಿಂದೆ ಕುರ್ಚಿ ಬಿಡಿಸುವ ಸದ್ದಿಗೆ ಆ ಹುಡುಗಿ ತಿರುಗಿ ನೋಡಿ ತಲೆಯಾಡಿಸಿದಳು. ನಾನೂ ತಲೆಯಾಡಿಸಿದೆ. ಮೊದಲ ಹತ್ತು ನಿಮಿಷ ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಬೇರೆಯವರ ಮಗಳಿಗೆ ಹೇಗೆ ಕೂಗುವುದು ಎಂದು ಸಂಕೋಚ. ಅಷ್ಟರಲ್ಲಿ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ಗೋಲಿನ ಮುಂದೆ ಜನ ಮುತ್ತಿಕೊಂಡರು. ಬಲಗಡೆಯಿಂದ ಯಾರ ಕಾವಲೂ ಇಲ್ಲದೆ ಒಬ್ಬಳು ನುಗ್ಗುವುದು ಕಾಣಿಸಿತು.

“ಬಲ!” ಎಂದೆ. ಅರ್ಧ ಧ್ವನಿಯಲ್ಲಿ.

ಹುಡುಗಿ ಬಲಕ್ಕೆ ಹಾರಿದಳು. ಚೆಂಡು ಅವಳ ಬೆರಳ ತುದಿಗೆ ತಾಗಿ, ಕಂಬಕ್ಕೆ ಬಡಿದು ಹೊರಗೆ ಹೋಯಿತು. ಅವಳು ಮಣ್ಣು ಕೊಡವಿಕೊಂಡು ಎದ್ದು, ಬಲೆಯ ಮೂಲಕ ನನ್ನನ್ನು ನೋಡಿ, ಯಾರೋ ಕಲಿಸಿದ ಪಾಠವನ್ನು ಒಪ್ಪಿಸುವಂತೆ ಹೇಳಿದಳು:

“ಅಂಕಲ್, ಜೋರು!”

ನನ್ನ ಜನ್ಮದಲ್ಲಿ ನನಗೆ ಜೋರು ಎಂದು ಹೇಳಿದವರು ಅವಳೊಬ್ಬಳೇ. ನಾನು ಕುರ್ಚಿಯಿಂದ ಎದ್ದು ನಿಂತೆ. ಎರಡನೆಯ ಕಾರ್ನರಿಗೆ ನಾನು ಕೂಗಿದ್ದು ರಸ್ತೆಗೂ ಕೇಳಿಸಿರಬೇಕು. ಮೆಟ್ಟಿಲ ಮೇಲೆ ಹೆಂಡತಿ ಹಣೆ ಹಿಡಿದುಕೊಂಡಳು, ಮೆಲ್ಲಗೆ ಎನ್ನಲಿಲ್ಲ. ಬೆಂಚಿನ ಬಳಿ ಮಗಳು ನಿಂತು, ಎರಡೂ ಕೈಗಳನ್ನು ಬಾಯಿಗೆ ಹಿಡಿದು, ನನಗಿಂತ ಜೋರಾಗಿ “ಬಿಡಬೇಡ!” ಎಂದು ಕೂಗುತ್ತಿದ್ದಳು.

ವಿರಾಮದಲ್ಲಿ ನಾನು ಜೇಬಿನಿಂದ ಪಂಚಾಂಗ ತೆಗೆದು, ಭಾವನ ಪೆನ್ನು ಕೇಳಿ, ದುರ್ಗಾಧಿಪತಿಯ ಹೆಸರನ್ನು ತಿದ್ದಿದೆ. ಉಳಿದದ್ದೆಲ್ಲ ಹಾಗೇ ಬಿಟ್ಟೆ. ಈ ಸಲ ಕಪ್ ನಮ್ಮದೇ.